ಹಾಳೆ ಮುರುಟಿಕೊಂಡರೆ ಅದು ಹಾಳೆಯ ತಪ್ಪಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಅಡಿಕೆ ತೋಟದವರು. ಮಗಳು ಚಿತ್ರಕಲೆ ಓದಿ ಊರಿಗೆ ಬಂದಿದ್ದಾಳೆ. ಮೊದಲೆಲ್ಲ ಗುಡ್ಡ, ಹೊಳೆ, ಹೆಂಚಿನ ಮನೆ ಅಂತ ಚೆನ್ನಾಗಿ ಬರೆಯುತ್ತಿದ್ದಳು. ಈಗ ಕ್ಯಾನ್ವಾಸಿಗೆ ಅಡಿಕೆ ಹಾಳೆ ಅಂಟಿಸುತ್ತಾಳೆ, ಕೆಮ್ಮಣ್ಣು ಬಳಿಯುತ್ತಾಳೆ. ನಮ್ಮ ಮಾವನವರ ಕಾಲದ ಲೆಕ್ಕದ ಪುಸ್ತಕ ಹರಿದು ಹಚ್ಚಿದ್ದಾಳೆ. ಕೆಳಗೆ ‘ಮಿಶ್ರ ಮಾಧ್ಯಮ’ ಅಂತ ಬರೆಯುತ್ತಾಳೆ. ಇದು ಪೇಂಟಿಂಗ್ ಅಂತ ಲೆಕ್ಕಕ್ಕೆ ಬರುತ್ತದಾ? ಹೋದ ಮಳೆಗಾಲದಲ್ಲಿ ಎರಡು ಚಿತ್ರಕ್ಕೆ ಬೂಷ್ಟು ಬಂತು. ಇನ್ನೊಂದರಲ್ಲಿ ಹಾಳೆ ಎದ್ದು ಮುರುಟಿಕೊಂಡಿತು. ಕೇಳಿದರೆ ‘ಇರಲಿ ಬಿಡಮ್ಮ, ಅದೂ ಕಲೆಯೇ’ ಅನ್ನುತ್ತಾಳೆ. ಮೂರು ಚಿತ್ರದ ಫೋಟೋ ಕಳಿಸಿದ್ದೇನೆ. ನೋಡಿ ಹೇಳಿ.

ಉತ್ತರ:

ಮೊದಲು ಮಗಳಿಗೆ ಒಂದು ಮಾತು ಹೇಳಿಬಿಡಿ. ಬೂಷ್ಟು ಕಲೆ ಹೌದು, ಆದರೆ ಅವಳು ಹೇಳುವ ಕಲೆ ಅಲ್ಲ. ಬಟ್ಟೆಗೆ ಬೀಳುವ ಕಲೆ. ಅದು ಚಿತ್ರವನ್ನು ತಿನ್ನುತ್ತದೆ. ಮುರುಟಿದ ಹಾಳೆಯದು ಮಾತ್ರ ಬೇರೆ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಪೇಂಟಿಂಗಾ ಅಲ್ಲವಾ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೂರು ವರ್ಷದ ಹಿಂದೆಯೇ ತೀರ್ಮಾನವಾದ ವ್ಯಾಜ್ಯ ಅದು. 1912ರಲ್ಲಿ ಪಿಕಾಸೊ ಒಂದು ಸಣ್ಣ ಚಿತ್ರ ಮಾಡಿದ. ಎರಡು ಗೇಣು ಅಗಲವೂ ಇಲ್ಲ. ಅದರಲ್ಲಿ ಬೆತ್ತದ ಕುರ್ಚಿಯ ಹೆಣಿಗೆಯನ್ನು ಕುಂಚದಿಂದ ಬರೆಯುವ ಬದಲು, ಹೆಣಿಗೆಯ ಚಿತ್ರ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನೇ ಅಂಟಿಸಿದ. ಸುತ್ತ ಚೌಕಟ್ಟಿನ ಬದಲು ಹಗ್ಗ ಕಟ್ಟಿದ. ಅವತ್ತಿನಿಂದ ಪತ್ರಿಕೆ ತುಂಡು, ಬಸ್ ಟಿಕೆಟ್, ಬಟ್ಟೆ, ತಗಡು ಎಲ್ಲವೂ ಚಿತ್ರದೊಳಗೆ ಬಂದು ಕೂತವು. ‘ಮಿಶ್ರ ಮಾಧ್ಯಮ’ ಅನ್ನುವುದು ಅದಕ್ಕೆಲ್ಲ ಸೇರಿಸಿ ಇಟ್ಟ ಹೆಸರು.

ನಮ್ಮ ಕಡೆ ಇದು ಹೊಸದೇನೂ ಅಲ್ಲ. ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೀವು ನೋಡಿಯೇ ಇರುತ್ತೀರಿ. ಗೋಡೆಗೆ ಕೆಮ್ಮಣ್ಣು. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಗೆರೆ ಎಳೆಯುತ್ತಾರೆ. ಬುಟ್ಟಿ, ಸಗಣಿ, ಮಣ್ಣು, ಅಕ್ಕಿ, ಇಷ್ಟೂ ಸೇರಿದ ಮೇಲೆ ಇನ್ನೇನು ಮಿಶ್ರ ಆಗಬೇಕು? ಆ ಹೆಣ್ಣುಮಕ್ಕಳು ಅದರ ಕೆಳಗೆ ಚೀಟಿ ಅಂಟಿಸಲಿಲ್ಲ, ಅಷ್ಟೇ.

ಈಗಿನವರ ಮಾತಿಗೆ ಬಂದರೆ ಒಂದು ಹೆಸರು ನೀವು ತಿಳಿದಿರಲೇಬೇಕು. ನಮ್ಮ ಜಿಲ್ಲೆಯವರೇ. ಶೀಲಾ ಗೌಡ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾ ಶಾಲೆ, ಆಮೇಲೆ ಶಾಂತಿನಿಕೇತನದಲ್ಲಿ ಕೆ.ಜಿ. ಸುಬ್ರಮಣ್ಯನ್ ಬಳಿ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಕಲಿತಿದ್ದು ಪೇಂಟಿಂಗ್. ಎಣ್ಣೆ ಬಣ್ಣದಲ್ಲೇ ಕೆಲಸ ಮಾಡುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅದನ್ನು ಪಕ್ಕಕ್ಕಿಟ್ಟು ಸಗಣಿ ಕೈಗೆತ್ತಿಕೊಂಡರು. ಹೌದು, ಸಗಣಿ. ನೀವು ಬೆಳಿಗ್ಗೆ ಎದ್ದು ಅಂಗಳ ಸಾರಿಸುವ ಅದೇ ಸಗಣಿ. ಹೆಂಗಸರ ದಿನದ ದುಡಿಮೆಯೂ ಅದರಲ್ಲಿದೆ, ಪೂಜೆಯೂ ಇದೆ, ಜಗಳ ಹಚ್ಚುವ ರಾಜಕೀಯವೂ ಇದೆ. ಬಣ್ಣದಲ್ಲಿ ಸಗಣಿಯ ಚಿತ್ರ ಬರೆದರೆ ಇಷ್ಟು ಬರುತ್ತಿತ್ತಾ?

1998ರಲ್ಲಿ ಅವರು ಮಾಡಿದ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಅನ್ನುವ ಕೃತಿಯ ಫೋಟೋ ಹುಡುಕಿ ಮಗಳ ಜೊತೆ ಕೂತು ನೋಡಿ. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ದಾರಗಳನ್ನೆಲ್ಲ ಕುಂಕುಮ ಬೆರೆಸಿದ ಅಂಟಿನಲ್ಲಿ ಒಟ್ಟು ಮಾಡಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗ ಗೋಡೆ ಮೇಲೆ, ನೆಲದ ಮೇಲೆ ಸುತ್ತಿ ಸುತ್ತಿ ಹರಿಯುತ್ತದೆ. ದೂರದಿಂದ ನೋಡಿದರೆ ಒಂದು ದಪ್ಪ ಗೆರೆ, ಅಂದರೆ ಗಾಳಿಯಲ್ಲಿ ಎಳೆದ ಚಿತ್ರ. ಹತ್ತಿರ ಹೋದರೆ ತುದಿಯಲ್ಲಿ ಸೂಜಿಗಳ ಗೊಂಚಲು. ಆಗ ಆ ಕೆಂಪು ಬರೀ ಕುಂಕುಮವಾಗಿ ಉಳಿಯುವುದಿಲ್ಲ. 2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಕಲಾಪ್ರದರ್ಶನಕ್ಕೆ ಮಾಡಿದ ‘ಬಿಹೋಲ್ಡ್’ ಇನ್ನೂ ದೊಡ್ಡದು. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲನ್ನು ಹೊಸೆದ ಹಗ್ಗ, ಸುಮಾರು 4 ಕಿಲೋಮೀಟರ್ ಉದ್ದ. ಅದರಿಂದ ಕಾರಿನ ಬಂಪರ್‌ಗಳು ನೇತಾಡುತ್ತವೆ. ದೃಷ್ಟಿ ತಾಗದಿರಲಿ ಅಂತ ಗಾಡಿಯವರು ಬಂಪರಿಗೆ ಕೂದಲ ಹಗ್ಗ ಕಟ್ಟುತ್ತಾರಲ್ಲ, ಅಲ್ಲಿಂದ ಬಂದದ್ದು. ಕೂದಲು ಭಾರ ಹೊತ್ತಿದೆ, ನಿಜವಾಗಿಯೂ ಹೊತ್ತಿದೆ. ಈಗ ಅದು ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಮಗಳ ಚಿತ್ರವನ್ನು ನಾನು ನೋಡುವುದು ಇದೇ ಕಣ್ಣಿನಿಂದ. ಅಂಟಿಸಿದ ವಸ್ತು ಅಲ್ಲಿ ಕೆಲಸ ಮಾಡುತ್ತಿದೆಯಾ, ಸುಮ್ನೆ ಕೂತಿದೆಯಾ? ಸುಮ್ನೆ ಕೂತಿದ್ದರೆ ಅದು ಮಲೆನಾಡಿನ ಸ್ಟಿಕ್ಕರ್. ಈಗ ಅಂಥವು ಬಹಳ ಬರುತ್ತಿವೆ. ರೆಸಾರ್ಟ್‌ನವರಿಗೆ ಇಷ್ಟವಾಗುತ್ತದೆ, ಮಾರಾಟವೂ ಆಗುತ್ತದೆ. ಬೇಡ ಅನ್ನುವುದಿಲ್ಲ, ಆದರೆ ಅವಳು ಅದಕ್ಕಿಂತ ಮುಂದೆ ಹೋಗಬಲ್ಲಳು.

ಹಾಗಂತ ವಸ್ತು ಅಂಟಿಸದಿದ್ದರೆ ಈ ಕಾಲದ ಚಿತ್ರ ಅಲ್ಲ ಅಂತ ಅವಳು ತಿಳಿಯುವುದೂ ಬೇಡ. ಮೈಸೂರಿನ ಎನ್.ಎಸ್. ಹರ್ಷ ಸಾಲುಸಾಲಾಗಿ ಮನುಷ್ಯರನ್ನು ಬರೀ ಬಣ್ಣದಲ್ಲೇ ಕೂರಿಸುತ್ತಾರೆ. ಊಟದ ಪಂಕ್ತಿ ಥರ, ಒಬ್ಬರಂತೆ ಒಬ್ಬರಿಲ್ಲ. ಅದೇ ಹರ್ಷ ಇನ್ನೊಂದು ಕೃತಿಗೆ 190ಕ್ಕೂ ಹೆಚ್ಚು ಹೊಲಿಗೆ ಯಂತ್ರ ಜೋಡಿಸಿ, ಒಂದೊಂದಕ್ಕೂ ಒಂದೊಂದು ದೇಶದ ಬಾವುಟ ಸಿಕ್ಕಿಸಿದರು. ಎಲ್ಲಿ ಬಣ್ಣ ಸಾಕು, ಎಲ್ಲಿ ವಸ್ತುವೇ ಬೇಕು ಅನ್ನುವುದು ಅವರಿಗೆ ಗೊತ್ತು. ನಿಮ್ಮ ಮಗಳು ಹೊಳೆ, ಗುಡ್ಡ ಬರೆಯುವುದನ್ನು ಬಿಟ್ಟಿದ್ದರೆ ನನಗೂ ಸ್ವಲ್ಪ ಬೇಜಾರೇ. ಆ ಕೈ ಬಿಡಬಾರದು.

ಈಗ ಮೂರು ಫೋಟೋ.

ಮೊದಲನೆಯದು, ಹಾಳೆಯನ್ನು ಅಡಿಕೆ ಮರದ ಆಕಾರಕ್ಕೆ ಕತ್ತರಿಸಿ ಹಸಿರು ಹಿನ್ನೆಲೆಗೆ ಅಂಟಿಸಿದ್ದು. ಅಡಿಕೆ ಹಾಳೆಯಿಂದ ಅಡಿಕೆ ಮರ. ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗಾಯಿತು. ನನಗೆ ಹಿಡಿಸಲಿಲ್ಲ.

ಎರಡನೆಯದು ಲೆಕ್ಕದ ಪುಸ್ತಕದ್ದು. ಇದು ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಮ್ಮಣ್ಣನ್ನು ತೆಳ್ಳಗೆ ಬಳಿದಿದ್ದಾಳೆ, ಗೋಡೆಯ ಕೆಳಭಾಗಕ್ಕೆ ಮಳೆ ನೀರು ಸಿಡಿದು ಕೆಂಪಾಗಿರುತ್ತದಲ್ಲ, ಹಾಗೆ. ಕೆಳಗಡೆ ದಟ್ಟ, ಮೇಲೆ ಹೋದಂತೆ ತೆಳು. ಮೇಲಿನ ಸಾಲುಗಳಲ್ಲಿ ರೂಪಾಯಿ, ಆಣೆ, ಪೈ ಕಾಣುತ್ತವೆ. ‘ಸುಲಿದ ಕೂಲಿ’ ಅಂತ ಒಂದು ಕಡೆ ಇದೆ. ಅದರ ಮುಂದಿನ ಅಂಕಿ ಮಣ್ಣಲ್ಲಿ ಮುಚ್ಚಿಹೋಗಿದೆ. ಎಷ್ಟು ಕೂಲಿ ಕೊಟ್ಟಿದ್ದರು ಅಂತ ಗೊತ್ತಾಗುವುದಿಲ್ಲ. ಅವಳು ಬೇಕಂತಲೇ ಮುಚ್ಚಿದ್ದಾ, ತಾನಾಗಿ ಆದದ್ದಾ ಕೇಳಿ. ಬೇಕಂತ ಮಾಡಿದ್ದರೆ ಈ ಹುಡುಗಿಗೆ ವಿಷಯ ಗೊತ್ತಿದೆ.

ಆದರೆ ಅಸಲು ಪುಸ್ತಕ ಹರಿಯುವುದು ಇಲ್ಲಿಗೆ ಸಾಕು. ಉಳಿದ ಪುಟಗಳನ್ನೆಲ್ಲ ಮೊದಲು ಫೋಟೋ ತೆಗೆದಿಡಿ. ನಿಮ್ಮ ಮಾವನವರ ಕೈಬರಹ ಮತ್ತೆ ಅಂಗಡಿಯಲ್ಲಿ ಸಿಗುವುದಿಲ್ಲ. ಒಳ್ಳೆಯ ಕಾಗದಕ್ಕೆ ಪ್ರಿಂಟ್ ತೆಗೆಸಿ ಅದರ ಮೇಲೆ ಕೆಲಸ ಮಾಡಬಹುದು. ‘ಅಸಲಿನ ಗುಣ ಬರಲ್ಲ’ ಅನ್ನುತ್ತಾಳೆ. ಹೌದು, ಬರುವುದಿಲ್ಲ. ಹಾಗಿದ್ದರೆ ಅಸಲು ಪುಟ ಯಾವ ಚಿತ್ರಕ್ಕೆ ಬೇಕೇ ಬೇಕು ಅಂತ ಯೋಚಿಸಿ ಒಂದೊಂದಾಗಿ ತೆಗೆಯಲಿ. ಪತ್ರಿಕೆ ಕಾಗದ ಬಳಸುವುದಾದರೆ ಇನ್ನೊಂದು ವಿಷಯ. ಅದರಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬೆಳಕಿಗೆ ಹಳದಿಯಾಗಿ, ಆಮ್ಲ ಬಿಟ್ಟು, ಕೊನೆಗೆ ಹಪ್ಪಳದ ಥರ ಮುರಿಯುತ್ತದೆ. ನಮ್ಮ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಅದನ್ನೇ ಟನ್‌ಗಟ್ಟಲೆ ಮಾಡುತ್ತಿದ್ದರು. ಒಂದು ದಿನ ಓದಿ ಮಡಚಿಡಲು ಮಾಡಿದ ಕಾಗದ ಅದು, ನೂರು ವರ್ಷ ಗೋಡೆಯಲ್ಲಿರಲು ಅಲ್ಲ.

ಮೂರನೆಯದೇ ಮುರುಟಿದ್ದು. ಇಡೀ ಹಾಳೆ ಅಂಟಿಸಿ, ಅದರ ಮೇಲೆ ನೀಲಿ ಬಳಿದು, ಬಿಳಿ ಬಣ್ಣದಲ್ಲಿ ಹಸೆ ಗೆರೆ ಎಳೆದಿದ್ದಾಳೆ. ಹಸೆ ಗೆರೆ ಇಲ್ಲಿ ಅಲಂಕಾರವಾಗಿ ಬಂದಿದೆ. ಆ ಗೆರೆಗಳಿಗೆ ಹೆಸರಿದೆ, ಜಾಗವಿದೆ, ಎಳೆಯುವ ಕ್ರಮವಿದೆ. ಬೇಕೇ ಬೇಕು ಅಂದರೆ ಸಾಗರದ ಕಡೆ ಹೋಗಿ, ಬರೆಯುವ ಒಬ್ಬ ಅಜ್ಜಿಯ ಪಕ್ಕ ನಾಲ್ಕು ದಿನ ಕೂತು ಕಲಿಯಲಿ. ಮೊಬೈಲ್ ನೋಡಿ ಎಳೆದದ್ದು ಗೊತ್ತಾಗಿಬಿಡುತ್ತದೆ.

ಹಾಳೆ ಯಾಕೆ ಎದ್ದಿತು? ನಮ್ಮ ಭಾಷೆಯಲ್ಲಿ ಕಾಗದಕ್ಕೂ ಹಾಳೆ, ಅಡಿಕೆಯದಕ್ಕೂ ಹಾಳೆ. ಹೆಸರು ಒಂದೇ ಅಂತ ಗುಣ ಒಂದೇ ಅಲ್ಲ. ಅಡಿಕೆ ಹಾಳೆ ನೀರು ಕುಡಿದಾಗ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ. ಒಣಗುವಾಗ ಮತ್ತೆ ಕುಗ್ಗಿ ಒಳಕ್ಕೆ ಸುತ್ತಿಕೊಳ್ಳುತ್ತದೆ. ಕ್ಯಾನ್ವಾಸ್ ತನ್ನ ಪಾಡಿಗೆ ಬೇರೆ ಥರ ಸಡಿಲವಾಗಿ ಬಿಗಿಯಾಗುತ್ತದೆ. ನಡುವೆ ಬಡಗಿಯ ಬಿಳಿ ಗೋಂದು, ಅದು ಥಂಡಿಗೆ ಮೆತ್ತಗಾಗುತ್ತದೆ. ಮೂವರೂ ಮೂರು ಕಡೆ ಎಳೆದರೆ ಏಳದೆ ಇನ್ನೇನು ಮಾಡುತ್ತದೆ?

ನಾನೂ ಈ ಪೆಟ್ಟು ತಿಂದವನೇ. ವಯಸ್ಸಿನಲ್ಲಿ ಒಮ್ಮೆ ಆರಡಿ ಹಲಗೆಗೆ ಹಾಳೆಯೆಲ್ಲ ಮೈದಾ ಅಂಟಿನಲ್ಲಿ ಅಂಟಿಸಿದ್ದೆ. ಆರಿದ್ರಾ ಮಳೆ ಹಿಡಿಯಿತು. ಶ್ರಾವಣಕ್ಕೆ ನೋಡಿದರೆ ಅಂಟಿನ ತುಂಬ ಬೂಷ್ಟು, ಬೂಷ್ಟಿನ ಜೊತೆ ಹುಳ. ಒಂದು ರಾತ್ರಿ ‘ಟಪ್’ ಅಂತ ಸದ್ದಾಯಿತು. ಬೆಕ್ಕು ಅಂದುಕೊಂಡೆ. ಹಾಳೆ ಕಳಚಿ ಬಿದ್ದಿತ್ತು. ಮಾರನೆಯ ದಿನ ನಮ್ಮ ಅಜ್ಜಿ ನೋಡಿ ‘ಹಾಳೆನ ಯಾರಾದ್ರೂ ಅಂಟಿಸ್ತಾರೇನೋ’ ಅಂದರು. ಆಗ ಹೊಳೆಯಿತು. ಹಾಳೆ ಟೊಪ್ಪಿ ಮಾಡುವವರು ಮಡಚಿ ಹೊಲಿಯುತ್ತಾರೆ. ನೀರು ಸೇದುವ ಹಾಳೆ ದೊನ್ನೆಯನ್ನೂ ಮಡಚಿ, ಕಡ್ಡಿ ಚುಚ್ಚಿ ನಿಲ್ಲಿಸುತ್ತಾರೆ. ಮಲೆನಾಡಿನಲ್ಲಿ ಹಾಳೆಗೆ ಗೋಂದು ಹಾಕಿದವರು ಯಾರಿದ್ದಾರೆ?

ಹಾಗಾಗಿ ಮಗಳಿಗೆ ಹೇಳಿ, ಹೊಲಿಯಲಿ. ಬಿದ್ದ ಹಾಳೆಯನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹಲಗೆ ನಡುವೆ ಇಟ್ಟು ಕಲ್ಲು ಹೇರಿ, ಪೂರ್ತಿ ಒಣಗುವ ತನಕ ಬಿಡಲಿ. ನೆರಳಲ್ಲಿ. ಅವಸರ ಮಾಡಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಕ್ಯಾನ್ವಾಸ್ ಬದಲು ನೀರು ತಡೆಯುವ ಪ್ಲೈವುಡ್ ತೆಗೆದುಕೊಂಡು, ಹಿಂದೆ ಮುಂದೆ ಎರಡೂ ಕಡೆ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ, ಬಳಿಯಲಿ. ಒಂದೇ ಕಡೆ ಬಳಿದರೆ ಹಲಗೆಯೇ ಬಾಗುತ್ತದೆ. ಸಣ್ಣ ತೂತು ಕೊರೆದು ದಾರದಿಂದ ಅಲ್ಲಲ್ಲಿ ಕಟ್ಟಲಿ. ಬಿಗಿಯಾಗಿ ಬೇಡ, ಹಿಗ್ಗಲು ಜಾಗ ಇರಲಿ. ಆ ಹೊಲಿಗೆಯೂ ಚಿತ್ರದಲ್ಲಿ ಒಂದು ಗೆರೆಯಾಗುತ್ತದೆ, ನೋಡಿ ಬೇಕಾದರೆ.

ಕೆಮ್ಮಣ್ಣಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ, ಕಬ್ಬಿಣದ ಆಕ್ಸೈಡ್ ಅದು. ತೊಂದರೆ ಇರುವುದು ಅಂಟಿನಲ್ಲಿ. ಗೋಡೆಯಲ್ಲಾದರೆ ಜೇಡಿ, ಸಗಣಿ ಹಿಡಿದುಕೊಳ್ಳುತ್ತವೆ, ಉದುರಿದರೆ ಮುಂದಿನ ಹಬ್ಬಕ್ಕೆ ಮತ್ತೆ ಸಾರಿಸುತ್ತೀರಿ. ಚಿತ್ರವನ್ನು ವರ್ಷ ವರ್ಷ ಸಾರಿಸಲು ಆಗುವುದಿಲ್ಲವಲ್ಲ. ಮಣ್ಣನ್ನು ಬಕೆಟ್ ನೀರಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಮರುದಿನ ಅದರ ತಳದಲ್ಲಿ ಬೆಣ್ಣೆಯಂಥ ಮಣ್ಣು ಸಿಗುತ್ತದೆ. ಒಣಗಿಸಿ, ಅರೆದು, ಅಕ್ರಿಲಿಕ್ ಮೀಡಿಯಂ ಅನ್ನುವ ಅಂಟಿನಲ್ಲಿ ಕಲಸಿದರೆ ಬೆರಳಿಗೆ ಹತ್ತದ ಬಣ್ಣ. ಎಣ್ಣೆ ಬಣ್ಣ ಸೇರಿಸುವುದಾದರೆ ಅದು ಯಾವಾಗಲೂ ಮೇಲೆ. ಎಣ್ಣೆಯ ಮೇಲೆ ಅಕ್ರಿಲಿಕ್ ಹಾಕಿದರೆ ಸಿಪ್ಪೆ ಏಳುತ್ತದೆ.

ಅವಳು ಇನ್ನೂ ಮುಟ್ಟದ ಒಂದು ಬಣ್ಣ ನಿಮ್ಮ ಮನೆಯಲ್ಲೇ ಇದೆ. ಅಡಿಕೆ ಬೇಯಿಸಿದ ಚೊಗರು. ಹೆಗ್ಗೋಡಿನ ‘ಚರಕ’ ಕೈಮಗ್ಗ ಸಂಘದವರು ಬಟ್ಟೆಗೆ ಅದರ ಬಣ್ಣ ಕಟ್ಟುತ್ತಾರೆ. ಚೊಗರಿನಲ್ಲಿ ಟ್ಯಾನಿನ್ ಇದೆ, ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದವರ ಬೆರಳು ಕಪ್ಪಾಗುತ್ತದಲ್ಲ, ಅದೇ. ತುಕ್ಕು ಹಿಡಿದ ಮೊಳೆಯನ್ನು ಹುಳಿ ನೀರಲ್ಲಿ ನಾಲ್ಕು ದಿನ ನೆನೆಹಾಕಿ, ಆ ನೀರನ್ನು ಚೊಗರು ಬಳಿದ ಬಟ್ಟೆ ಮೇಲೆ ಒಂದು ತೊಟ್ಟು ಬಿಡಲಿ. ಕಂದು ಬಣ್ಣದೊಳಗೆ ಕಪ್ಪು ಹೂವಿನ ಹಾಗೆ ಹರಡುತ್ತದೆ. ಕೂಲಿ ಲೆಕ್ಕದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಮಸಿ ಎಲ್ಲಿದೆ? ಒಂದೇ ಎಚ್ಚರ, ಹಳೆಯ ಪುಟಗಳ ಮೇಲೆ ಬೇಡ. ಈ ಥರದ ಮಸಿ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ.

ಇನ್ನು ಬೂಷ್ಟು. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ನಿಂತರೆ ಅದು ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಿಮ್ಮದು ಅಷ್ಟಿಲ್ಲದಿದ್ದರೂ ಪಕ್ಕದ್ದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ತಪ್ಪಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಅಂಟಿಸುವ, ವಾರ್ನಿಶ್ ಹಾಕುವ ಕೆಲಸವೆಲ್ಲ ದೀಪಾವಳಿಯಿಂದ ಹೋಳಿಯ ತನಕ. ಮಳೆಗಾಲದಲ್ಲಿ ಸ್ಕೆಚ್ ಮಾಡಲಿ, ಹೊಳೆ ಬರೆಯಲಿ.

ಈಗ ಬಂದಿರುವ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಇನ್ನಷ್ಟು ಒಳಗಿಳಿಯುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ಒಂದೆರಡು ದಿನ ಇಟ್ಟು, ಪೂರ್ತಿ ಒಣಗಿದ ಮೇಲೆ ಅಂಗಳಕ್ಕೆ ಒಯ್ದು ಮೃದು ಕುಂಚದಲ್ಲಿ ಝಾಡಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಸಿಲಿಗೆ ಇಡಬೇಡಿ. ಗೋಡೆಗೆ ತೂಗುಹಾಕುವಾಗ ಇರಚಲು ಹೊಡೆಯುವ ಪಕ್ಕದ ಗೋಡೆ ಬೇಡ, ನಡುಮನೆಯ ಒಳಗೋಡೆ ಒಳ್ಳೆಯದು. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ಚೂರು ಅಂಟಿಸಿ, ಗೋಡೆಗೂ ಚಿತ್ರಕ್ಕೂ ಅರ್ಧ ಇಂಚು ಗಾಳಿ ಆಡಲಿ. ಗಾಜು ಹಾಕಿಸಿದರೆ ಅದು ಚಿತ್ರಕ್ಕೆ ತಾಗಬಾರದು. ಫ್ರೇಮ್ ಹಾಕುವವರಿಗೆ ನಡುವೆ ಪಟ್ಟಿ ಕೊಡಿ ಅಂತ ಬಾಯಿಬಿಟ್ಟು ಹೇಳಬೇಕು. ಅಂಟಿಗೆ ಮೈಲುತುತ್ತ ಬೆರೆಸಿದರೆ ಹುಳ ಬರುವುದಿಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಪುಸ್ತಕಕ್ಕೆ ರಟ್ಟು ಕಟ್ಟುವವರು ಬೆರೆಸುತ್ತಿದ್ದರು, ನಿಜ. ನಿಮ್ಮ ಮನೆಯಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದದ್ದು ಇದ್ದೇ ಇರುತ್ತದೆ. ಆದರೆ ಅದು ವಿಷ, ತಾಮ್ರ ಕಾಗದಕ್ಕೂ ಒಳ್ಳೆಯದಲ್ಲ. ಅದು ಕೊಳೆರೋಗಕ್ಕೇ ಇರಲಿ.

ಕೃತಿಯ ಕೆಳಗೆ ಬರೀ ‘ಮಿಶ್ರ ಮಾಧ್ಯಮ’ ಅಂತ ಬರೆಯುವುದನ್ನು ಬಿಡಲಿ. ‘ಪ್ಲೈವುಡ್ ಮೇಲೆ ಕೆಮ್ಮಣ್ಣು, ಅಕ್ರಿಲಿಕ್, ಲೆಕ್ಕದ ಪುಸ್ತಕದ ಪುಟ, ದಾರ’ ಅಂತ ಬಿಡಿಸಿ ಬರೆಯಲಿ. ಮುಂದೆ ಯಾರಾದರೂ ರಿಪೇರಿ ಮಾಡಬೇಕಾದಾಗ ಒಳಗೇನಿದೆ ಅಂತ ಗೊತ್ತಾಗುತ್ತದೆ.

ಈಗ ಮುರುಟಿದ ಹಾಳೆಗೆ ಬರುತ್ತೇನೆ. ಮೂರನೇ ಫೋಟೋದಲ್ಲಿ ಹಾಳೆ ಎದ್ದ ಜಾಗ ನೋಡಿದ್ದೀರಾ? ಬಲಗಡೆ ಕೆಳಗೆ. ಹಾಳೆಯ ನಾರುಗಳ ಅಚ್ಚು ಕೆಳಗಿನ ಬಣ್ಣದಲ್ಲಿ ಉಳಿದುಕೊಂಡಿದೆ. ಸಣ್ಣ ಸಣ್ಣ ಗೆರೆ, ಒಂದರ ಪಕ್ಕ ಒಂದು, ಉತ್ತ ಗದ್ದೆಯ ಹಾಗೆ. ಅವಳು ಬಿಳಿ ಬಣ್ಣದಲ್ಲಿ ಎಳೆದ ಹಸೆ ಗೆರೆಗಿಂತ ಆ ಗೆರೆ ಚೆನ್ನಾಗಿದೆ. ಅವಳಿಗೆ ಇದು ಕಂಡಿದೆಯೋ ಇಲ್ಲವೋ. ಮತ್ತೆ ಗೋಂದು ಹಾಕಿ ಒತ್ತಲು ಹೋಗಬೇಡಿ. ಹಾಳೆಯನ್ನು ಪೂರ್ತಿ ಬಿಡಿಸಿ, ಅಚ್ಚು ಇರುವ ಕ್ಯಾನ್ವಾಸನ್ನೂ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾಲ್ಕು ದಿನ ನೋಡಲಿ, ಕೈ ಹಚ್ಚದೆ. ಹಾಳೆಯನ್ನು ಆಗಲೇ ಬಚ್ಚಲೊಲೆಗೆ ಹಾಕಿದ್ದರೆ ಬೇಜಾರಿಲ್ಲ. ತೋಟಕ್ಕೆ ಹೋಗಿ ಇನ್ನೊಂದು ತರಲಿ, ನಿಮ್ಮಲ್ಲಿ ಅದಕ್ಕೇನು ಬರವೇ?